ಮರಳುವ ಹೊತ್ತು

ಹಿಮಾಲಯದ ಎತ್ತರದಲ್ಲಿರುವ ಸರಸ್ಸೊಂದನ್ನು ಒಂದೇ ಹಗಲಿನಲ್ಲಿ ಕಂಡು ಬರಬೇಕೆಂದು ಹೊರಟವರು ಹಿಂದಿನ ಸಂಜೆ ಕುಳಿತು ಮಾಡುವ ಏರ್ಪಾಡುಗಳೆಲ್ಲ ಬಹುಮಟ್ಟಿಗೆ ಹೋಗುವುದಕ್ಕೆ ಸಂಬಂಧಪಟ್ಟವುಗಳಾಗಿರುತ್ತವೆ. ಎಷ್ಟು ಹೊತ್ತಿಗೆ ಏಳಬೇಕು, ಬುತ್ತಿಗೆ ಏನನ್ನು ಕಟ್ಟಿಕೊಳ್ಳಬೇಕು, ಯಾರಿಗೆ ಊರುಗೋಲು, ಯಾರಿಗೆ ಕುದುರೆ, ಮಳೆ ಬಂದರೆ ಹೊದೆಯುವುದಕ್ಕೇನು, ಇವುಗಳ ಚರ್ಚೆ ದೀಪ ಆರಿಸುವವರೆಗೂ ನಡೆಯುತ್ತದೆ. ಮರಳುವ ಮಾತು ಬಂದರೆ ಮಾತ್ರ “ಸಂಜೆಯೊಳಗೆ ಬಂದುಬಿಡುವುದು” ಎಂದು ಯಾರೋ ಒಬ್ಬರು ಅಂದುಬಿಡುತ್ತಾರೆ, ಉಳಿದವರು ಹೂಂಗುಟ್ಟುತ್ತಾರೆ. ಆದರೆ ವಿಚಾರಮಾಡಿ ನೋಡಿದರೆ, ಆ ಏರ್ಪಾಡುಗಳ ಪೈಕಿ ಧರ್ಮಾಧರ್ಮಗಳ ಸೋಂಕು ಉಳ್ಳದ್ದು ಅದೊಂದೇ. ಉಳಿದವೆಲ್ಲ ಅನುಕೂಲದ ಮಾತುಗಳು. ಬುತ್ತಿ ಮರೆತರೆ ಹಸಿವು. ಕಂಬಳಿ ಮರೆತರೆ ಚಳಿ. ಮರಳುವ ಹೊತ್ತನ್ನು ಮರೆತರೆ ಅದರ ಫಲವನ್ನು ಉಣ್ಣುವವರು ಮರೆತವರಷ್ಟೇ ಆಗಿರುವುದಿಲ್ಲ.

ಪ್ರಶ್ನೆ ಇಷ್ಟು. ತಪ್ಪಲಿನ ಛತ್ರದಲ್ಲಿ ಕುಳಿತು “ಒಂದು ಗಂಟೆಯಾದರೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು” ಎಂದು ಗೊತ್ತುಮಾಡಿದವನಿಗೂ, ಮಾರನೆಯ ದಿನ ಒಂದು ಗಂಟೆಗೆ ಸರಸ್ಸಿಗೆ ಕಾಲು ಮೈಲಿ ಕೆಳಗೆ ಏದುಸಿರುಬಿಡುತ್ತ ನಿಂತವನಿಗೂ ಹೆಸರು ಒಂದೇ; ಮನಸ್ಸು ಒಂದೇ ಅಲ್ಲ. ಕೆಳಗಿನವನು ಕಾಣದ ಸಂಗತಿಗಳನ್ನು ಮೇಲಿನವನು ಕಣ್ಣಾರೆ ಕಾಣುತ್ತಿದ್ದಾನೆ: ಆಕಾಶ ತಿಳಿಯಾಗಿದೆ, ಕಾಲಿನಲ್ಲಿ ಇನ್ನೂ ಕಸುವಿದೆ, ಮೇಲಿನಿಂದ ಇಳಿದು ಬರುವವರ ಮುಖದಲ್ಲಿ ಸಂತೋಷವಿದೆ. ಹೀಗಿರಲು, ಏನನ್ನೂ ಕಾಣದೆ ಮಾತುಕೊಟ್ಟ ನಿನ್ನೆಯವನ ಅಪ್ಪಣೆಗೆ ಎಲ್ಲವನ್ನೂ ಕಾಣುತ್ತಿರುವ ಇಂದಿನವನು ತಲೆಬಾಗಬೇಕೆ? ನೀತಿಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ವ್ರತ, ಪ್ರತಿಜ್ಞೆ, ವಚನ ಎಂಬ ಹೆಸರುಗಳಿಂದ ಚರ್ಚಿತವಾಗಿರುವ ಪ್ರಶ್ನೆ ಇದೇ. ಬೆಟ್ಟದ ದಾರಿಯಲ್ಲಿ ಅದು ಗಡಿಯಾರದ ಮುಳ್ಳಿನ ರೂಪದಲ್ಲಿ ಎದುರು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಸ್ಥಳವನ್ನು ಮುಂದಿಟ್ಟುಕೊಳ್ಳುವುದು ಮೇಲು. ಕನ್ನಡ ನಾಡಿನಿಂದ ಬದರಿಗೆ ಹೋಗುವ ಯಾತ್ರಿಕರು ಜೋಷೀಮಠವನ್ನು ದಾಟಿ ಪಾಂಡುಕೇಶ್ವರವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಗೋವಿಂದಘಾಟ್ ಎಂಬ ತಾಣ ಸಿಕ್ಕುತ್ತದೆ. ಅಲ್ಲಿ ಅಲಕನಂದೆಯನ್ನು ದಾಟಿ ಪೂರ್ವದ ಕಣಿವೆಯನ್ನು ಹಿಡಿದು ನಡೆದರೆ ಘಂಗರಿಯಾ ಎಂಬ ತಂಗುದಾಣ. ೨೦೧೩ನೆಯ ಇಸವಿ ಜೂನ್ ತಿಂಗಳ ಮಹಾಪ್ರವಾಹದಲ್ಲಿ ಅಲ್ಲಿನ ಸೇತುವೆಯೂ ದಾರಿಯ ಬಹುಭಾಗವೂ ಕೊಚ್ಚಿಹೋಗಿ ಅನಂತರ ಮತ್ತೆ ಸಿದ್ಧವಾದವು. ಘಂಗರಿಯಾದಿಂದ ಒಂದು ಕವಲು ಹೂವಿನ ಕಣಿವೆಗೆ ಹೋಗುತ್ತದೆ. ಮತ್ತೊಂದು ಹೇಮಕುಂಡಕ್ಕೆ ಏರುತ್ತದೆ. ಹೇಮಕುಂಡವು ಸಮುದ್ರಮಟ್ಟದಿಂದ ೧೪,೦೦೦ ಅಡಿಗೂ ಮೇಲೆ, ಏಳು ಶಿಖರಗಳ ನಡುವೆ ಇರುವ ತಣ್ಣನೆಯ ಕೊಳ. ಗುರು ಗೋವಿಂದಸಿಂಹರು ಪೂರ್ವಜನ್ಮದಲ್ಲಿ ತಪಸ್ಸು ಮಾಡಿದ ಸ್ಥಳವಿದೆಂದು ಸಿಖ್ಖರು ನಂಬುತ್ತಾರೆ. ಸುತ್ತಿನ ಹಳ್ಳಿಗರಿಗೆ ಇದು ಲಕ್ಷ್ಮಣನ ಗುಡಿಯುಳ್ಳ ಲೋಕಪಾಲ. ಸಂತ ಸೋಹನಸಿಂಹರೂ ಹವಿಲ್ದಾರ್ ಮೋದನಸಿಂಹರೂ ೧೯೩೦ರ ದಶಕದಲ್ಲಿ ಇದನ್ನು ಗುರುತಿಸಿ ದಡದಲ್ಲಿ ಚಿಕ್ಕದೊಂದು ಗುರುದ್ವಾರವನ್ನು ಎಬ್ಬಿಸಿದ ಮೇಲೆ ಯಾತ್ರೆ ಬೆಳೆಯಿತು. ಈಗ ಜ್ಯೇಷ್ಠದಿಂದ ಆಶ್ವಯುಜದವರೆಗೆ ಅಲ್ಲಿಗೆ ಹೋಗುವವರ ಸಾಲು ತಪ್ಪುವುದಿಲ್ಲ. ಒಂದು ಕಟ್ಟಳೆ ಮಾತ್ರ ಎಲ್ಲರಿಗೂ ಸಮಾನ: ಮೇಲೆ ಯಾರೂ ರಾತ್ರಿ ತಂಗುವಂತಿಲ್ಲ. ಮಧ್ಯಾಹ್ನ ತಿರುಗುತ್ತಲೇ ಯಾತ್ರಿಕರನ್ನು ಕೆಳಗೆ ಹೊರಡಿಸುತ್ತಾರೆ. ಆದಕಾರಣ ಭಕ್ತನಾಗಲಿ, ಹೂವಿನ ಹುಚ್ಚಿನವನಾಗಲಿ, ಬರಿಯ ಕುತೂಹಲದವನಾಗಲಿ, ಹೇಮಕುಂಡವನ್ನು ಕಾಣಬೇಕಾದದ್ದು ಹಗಲು ಹೋಗಿ ಹಗಲೇ ಬರುವ ಕರಾರಿನ ಮೇಲೆ.

ಆ ಹಗಲಿನ ಲೆಕ್ಕವನ್ನು ಹಾಕುವ ಬಗೆಯೇ ಸ್ವಾರಸ್ಯವಾದದ್ದು. ಸಾಮಾನ್ಯ ಪ್ರಯಾಣದಲ್ಲಿ ಹೊರಡುವ ಗಳಿಗೆಯಿಂದ ಮುಂದಕ್ಕೆ ಎಣಿಸುತ್ತ ಹೋಗುತ್ತೇವೆಂಬುದು ಎಲ್ಲರೂ ಬಲ್ಲ ಸಂಗತಿ. ಇಲ್ಲಿ ಕತ್ತಲೆಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಶರತ್ಕಾಲದಲ್ಲಿ ಆ ಕಣಿವೆಯಲ್ಲಿ ಆರು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ಪಶ್ಚಿಮದ ಬೆಟ್ಟದ ಮರೆಯಿಂದಾಗಿ ಬಿಸಿಲು ಅದಕ್ಕೂ ಬಹಳ ಮುಂಚೆಯೇ ಹೋಗಿಬಿಡುತ್ತದೆ. ಇಳಿಯುವುದಕ್ಕೆ ಮೂರು ಗಂಟೆ. ಮಳೆ, ಜಾರಿಕೆ, ಮೊಣಕಾಲು ನೋವು ಮುಂತಾದವುಗಳ ಪಾಲಿಗೆ ಒಂದು ಗಂಟೆ. ದಡದಲ್ಲಿ ಸ್ನಾನಕ್ಕೂ ಪ್ರಸಾದಕ್ಕೂ ಒಂದು ಗಂಟೆ. ಅಲ್ಲಿಗೆ ಒಂದು ಗಂಟೆಗೆ ಸರಸ್ಸಿನ ಬಳಿ ಇರಲೇಬೇಕೆಂದಾಯಿತು. ಏರುವುದಕ್ಕೆ ಎಷ್ಟು? ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ೧೮೯೨ರಲ್ಲಿ ಒಂದು ಸೂತ್ರವನ್ನು ಬರೆದಿಟ್ಟ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ೨,೦೦೦ ಅಡಿ ಏರಿಗೆ ಮತ್ತೊಂದು ಗಂಟೆ. ಘಂಗರಿಯಾದಿಂದ ಸರಸ್ಸಿಗೆ ದೂರ ನಾಲ್ಕು ಮೈಲಿಗೆ ಕೊಂಚ ಕಡಮೆ, ಏರು ೪,೦೦೦ ಅಡಿಗೆ ಕೊಂಚ ಹೆಚ್ಚು. ಸೂತ್ರದ ಪ್ರಕಾರ ಮೂರೂಕಾಲು ಗಂಟೆ ಸಾಕು. ಆದರೆ ನೈಸ್ಮಿತ್ ಏರಿದ ನಾಡಿನ ಅತ್ಯುನ್ನತ ಶಿಖರವೂ ಗೋವಿಂದಘಾಟಿನ ಎತ್ತರಕ್ಕೆ ಬರಲಾರದು! ಅಲ್ಲಿಯ ಲೆಕ್ಕಕ್ಕೆ ಇಲ್ಲಿಯ ಗಾಳಿ ಒಪ್ಪುವುದಿಲ್ಲ. ನಡಿಗೆಯ ರೂಢಿಯಿಲ್ಲದ ಸಂಸಾರಸ್ಥರಿಗೆ ಐದು ಗಂಟೆ, ಆರು ಗಂಟೆ ಹಿಡಿಯುವುದೇ ಹೆಚ್ಚು. ಹೀಗೆ ಹಿಂದಕ್ಕೆ ಎಣಿಸುತ್ತ ಬಂದರೆ ಬೆಳಗಿನ ಏಳು, ಎಂಟು ಗಂಟೆಗೆ ಹೊರಡಬೇಕೆಂದಾಗುತ್ತದೆ. ಎಂದರೆ, ಏಳುವ ಹೊತ್ತು ಕೂಡ ಮರಳುವ ಹೊತ್ತಿನಿಂದಲೇ ಹುಟ್ಟಿದ್ದು. ಯೋಜನೆಯೆಂಬ ಸೂಲಂಗಿಯ ಬೇರೆಲ್ಲ ಕಾಳುಗಳು ಆ ಒಂದು ದಂಟಿನಲ್ಲಿ ನಿಂತಿವೆ.

ಈಗ ಮೇಲೆ ನಿಂತವನ ವಾದಕ್ಕೆ ಬರೋಣವಾಗಲಿ. “ನನಗೆ ಕಾಣುತ್ತಿದೆ, ನಿನ್ನೆಯವನಿಗೆ ಕಾಣುತ್ತಿರಲಿಲ್ಲ” ಎಂಬುದು ಅವನ ಬಲವಾದ ಆಯುಧ. ಆದರೆ ಕಾಣುವ ಕಣ್ಣಿನ ಸ್ಥಿತಿಯನ್ನೂ ನೋಡಬೇಕಷ್ಟೆ. ೧೪,೦೦೦ ಅಡಿಯ ಮೇಲೆ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಹತ್ತರಲ್ಲಿ ಆರು ಪಾಲು. ಒಂದೊಂದು ಉಸಿರಿನಲ್ಲಿಯೂ ಒಳಗೆ ಹೋಗುವ ಪ್ರಾಣವಾಯು ಆ ಪ್ರಮಾಣದಲ್ಲಿ ಕಡಮೆ. ದೇಹ ಇದಕ್ಕೆ ಒಗ್ಗಿಕೊಳ್ಳುವುದಕ್ಕೆ ದಿನಗಳು ಬೇಕು. ಮೊದಲ ದಿನ ಗೋವಿಂದಘಾಟಿನ ೬,೦೦೦ ಅಡಿಯಿಂದ ಘಂಗರಿಯಾದ ೧೦,೦೦೦ಕ್ಕೆ, ಮರುದಿನವೇ ೧೪,೦೦೦ಕ್ಕೆ ಏರುವವನು ತನ್ನ ರಕ್ತಕ್ಕೆ ಆ ಅವಕಾಶವನ್ನು ಕೊಟ್ಟಿರುವುದಿಲ್ಲ. ಬಲ್ಲವರು ನಡುವೆ ಒಂದು ದಿನವನ್ನು ಹೂವಿನ ಕಣಿವೆಯಲ್ಲಿ ಕಳೆದು ಮೂರನೆಯ ದಿನ ಹೇಮಕುಂಡಕ್ಕೆ ಏರುವುದು ಇದೇ ಕಾರಣದಿಂದ. ಅವಸರದವನಿಗೆ ತಲೆನೋವು ಬರುತ್ತದೆ, ಹೊಟ್ಟೆ ತೊಳಸುತ್ತದೆ. ಇವುಗಳನ್ನು ಅವನು ಬಲ್ಲ. ಅವನು ಅರಿಯದ ಇನ್ನೊಂದು ವಿಕಾರವಿದೆ. ಅದೇನೆಂದರೆ, ತೂಗಿ ನೋಡುವ ಬುದ್ಧಿಯೇ ಅಲ್ಲಿ ಮಂಕಾಗುವುದು. ಒಂದು ವಿಚಾರವೇ ಮನಸ್ಸಿನಲ್ಲಿ ಗೂಟ ಹೊಡೆದು ನಿಲ್ಲುತ್ತದೆ. ಉಳಿದವು ದೂರ ಸರಿಯುತ್ತವೆ. ತಕ್ಕಡಿಯೇ ಸೊಟ್ಟಗಾಗಿರುವಾಗ ತೂಕವನ್ನು ನಂಬುವುದು ಹೇಗೆ? ಸೊಟ್ಟಗಾಗಿದೆಯೆಂಬುದನ್ನು ಕಂಡುಹಿಡಿಯುವುದಕ್ಕೂ ಅದೇ ತಕ್ಕಡಿಯನ್ನು ಬಳಸಬೇಕಾಗಿರುವುದು ಇಲ್ಲಿಯ ದುರವಸ್ಥೆ.

ಬೆಟ್ಟವೂ ಮಧ್ಯಾಹ್ನದ ಮೇಲೆ ತನ್ನ ಬೆಳಗಿನ ಮುಖವನ್ನು ಬದಲಾಯಿಸುತ್ತದೆ. ಬಿಸಿಲಿಗೆ ಕಾದ ಗಾಳಿ ಇಳಿಜಾರನ್ನು ಹಿಡಿದು ಮೇಲೇರಿ ತಣ್ಣಗಾಗಿ ಮೋಡಗಟ್ಟುತ್ತದೆ. ಹನ್ನೊಂದಕ್ಕೆ ತಿಳಿಯಾಗಿದ್ದ ಆಕಾಶ ಎರಡಕ್ಕೆ ಗುಡುಗುತ್ತದೆ. ನಸುಕಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಹಿಮದ ಹಾಸು ಮಧ್ಯಾಹ್ನಕ್ಕೆ ಮೆತ್ತಗಾಗಿ ಕಾಲನ್ನು ನುಂಗುತ್ತದೆ. ಬೆಳಗ್ಗೆ ಹಾರಿ ದಾಟಿದ ತೊರೆ, ಮೇಲಿನ ಹಿಮ ಕರಗಿದ್ದರಿಂದ, ಸಂಜೆಗೆ ಮೊಣಕಾಲುದ್ದವಾಗಿರುತ್ತದೆ. ಎಂದ ಮೇಲೆ, ಮೇಲಿನವನು ಕಾಣುತ್ತಿರುವುದು ಒಂದು ಗಂಟೆಯ ಬೆಟ್ಟವನ್ನು. ಅವನು ಇಳಿಯಬೇಕಾಗಿರುವುದು ಮೂರು ಗಂಟೆಯ ಬೆಟ್ಟವನ್ನು. ಆ ಬೆಟ್ಟವನ್ನು ಅವನೂ ಕಂಡಿಲ್ಲ, ನಿನ್ನೆಯವನೂ ಕಂಡಿಲ್ಲ. ಆದರೆ ನಿನ್ನೆಯವನು ಅದನ್ನು ಕುರಿತು ಸಮಾಧಾನದಿಂದ ಆಲೋಚಿಸಿದ್ದ.

ಶ್ರದ್ಧಾವಂತರಾದ ಯಾತ್ರಿಕರು ಇಲ್ಲಿ ಬೇರೊಂದು ಆಕ್ಷೇಪವನ್ನು ತರುವುದುಂಟು. ಯಾತ್ರೆಯೆಂಬುದು ಗಡಿಯಾರದ ವ್ಯವಹಾರವಲ್ಲ. ಸಂಕಲ್ಪ ಮಾಡಿದ ಮೇಲೆ ಮುಟ್ಟದೆ ಹಿಂದಿರುಗುವುದು ದೋಷ. ಮುಂದಿನದನ್ನು ನಡೆಸುವವನು ನಡೆಸುತ್ತಾನೆ ಎಂದು ಅವರ ಭಾವನೆ. ಈ ಭಾವನೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಕಾಲು ಸೋತ ಎಷ್ಟೋ ಮುದುಕರನ್ನು ಆ ಮೆಟ್ಟಿಲುಗಳ ಮೇಲೆ ಎತ್ತಿ ನಡೆಸುತ್ತಿರುವುದು ಇದೇ. ಆದರೆ ಸಂಕಲ್ಪದ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು. ನಮ್ಮ ಮನೆಗಳಲ್ಲಿ ಯಾವ ಪೂಜೆಗೆ ಕುಳಿತರೂ ಮೊದಲು ದೇಶಕಾಲಗಳನ್ನು ಉಚ್ಚರಿಸುತ್ತಾರೆ: ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ, ಇಂಥ ಸ್ಥಳ. ಕಾಲವನ್ನು ಹೇಳದ ಸಂಕಲ್ಪ ಸಂಕಲ್ಪವೇ ಅಲ್ಲ. ಹಾಗಿದ್ದಲ್ಲಿ ಸರಸ್ಸನ್ನು ಮುಟ್ಟುವೆನೆಂಬ ಅರ್ಧವನ್ನು ಹಿಡಿದು, ಇಷ್ಟು ಹೊತ್ತಿನೊಳಗೆ ಎಂಬ ಅರ್ಧವನ್ನು ಬಿಟ್ಟವನು ಸಂಕಲ್ಪವನ್ನು ಪಾಲಿಸಿದನೆಂದು ಹೇಳುವುದು ಹೇಗೆ? ಭಗವಂತನ ಮೇಲೆ ಭಾರ ಹಾಕಿದೆನೆಂದು ಅವನು ಹೇಳಬಹುದು. ಕತ್ತಲಾದ ಮೇಲೆ ಆ ಭಾರ ಬೀಳುವುದು ಮಾತ್ರ ಲಾಂದ್ರ ಹಿಡಿದು ಹುಡುಕಲು ಹೊರಡುವ ನಾಲ್ಕು ಜನ ಹುಡುಗರ ಮೇಲೆ.

ಈ ಪ್ರಾಂತ್ಯದ ಕಥೆಗಳು ಕನ್ನಡಿಗರಿಗೆ ಹೊಸವಲ್ಲ. ಹೇಮಕುಂಡದ ದಾರಿಯನ್ನು ಬಲಕ್ಕೆ ಬಿಟ್ಟು ಬದರಿಯ ಕಡೆಗೆ ಮುಂದುವರಿದರೆ ಸಿಕ್ಕುವ ಪಾಂಡುಕೇಶ್ವರಕ್ಕೆ ಪಾಂಡುರಾಜನ ಹೆಸರಿದೆ. ಇನ್ನೂ ಮುಂದಿನ ಹನುಮಾನ್ ಚಟ್ಟಿಯಲ್ಲಿ ಆಂಜನೇಯನು ಬಾಲವನ್ನು ಅಡ್ಡವಿಟ್ಟು ಭೀಮಸೇನನನ್ನು ತಡೆದನೆಂದು ಜನ ತೋರಿಸುತ್ತಾರೆ. ಅರಣ್ಯಪರ್ವದ ಸೌಗಂಧಿಕಾ ಪ್ರಸಂಗವನ್ನು ಈ ದೃಷ್ಟಿಯಿಂದ ಓದಿದರೆ ಅದು ಎತ್ತರದ ಸರಸ್ಸೊಂದಕ್ಕೆ ಹೊರಟ ಒಬ್ಬ ನಡಿಗೆಗಾರನ ಕಥೆಯೇ. ಗಾಳಿ ಒಂದು ಹೂವನ್ನು ತಂದು ಹಾಕಿತು. ದ್ರೌಪದಿ ಇನ್ನಷ್ಟನ್ನು ಬಯಸಿದಳು. ಭೀಮನು ಗದೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಧರ್ಮರಾಯನು ಅಪಶಕುನಗಳನ್ನು ಕಂಡು ಕಳವಳಗೊಂಡು, ಭೀಮನೆಲ್ಲಿ ಎಂದು ದ್ರೌಪದಿಯನ್ನು ಕೇಳಿ ತಿಳಿದು, ಎಲ್ಲರನ್ನೂ ಹೊರಡಿಸಿಕೊಂಡು ಹುಡುಕುತ್ತ ಬರಬೇಕಾಯಿತು. ಸರಸ್ಸಿನ ದಡದಲ್ಲಿ ಗೆದ್ದು ನಿಂತ ತಮ್ಮನನ್ನು ಅಪ್ಪಿಕೊಂಡವನೇ, ಇನ್ನೊಮ್ಮೆ ಹೀಗೆ ಮಾಡಕೂಡದೆಂದು ಗದರಿಸುತ್ತಾನೆ. ರಾಕ್ಷಸರನ್ನು ಕೊಂದದ್ದಕ್ಕಿಂತಲೂ, ಮನೆಯವರ ಎದೆಯಲ್ಲಿ ಒಂದು ಹಗಲಿಡೀ ಭೀತಿಯನ್ನು ಬಿತ್ತಿದ್ದು ಹೆಚ್ಚಿನ ತಪ್ಪೆಂದು ಓದುವವರಿಗೆ ತೋರಿದರೆ ಆಶ್ಚರ್ಯವಿಲ್ಲ. ಭೀಮನಷ್ಟು ಬಲವುಳ್ಳವನಿಗೇ ಈ ಮಾತು ಸಲ್ಲುವುದಾದರೆ, ಹಳ್ಳಿಯ ಅಂಗಡಿಯಲ್ಲಿ ಊರುಗೋಲು ಕೊಂಡು ಹೊರಟವರ ವಿಷಯದಲ್ಲಿ ಹೇಳತಕ್ಕದ್ದೇನು?

ಅದೇ ಪರ್ವದಲ್ಲಿ ಇದಕ್ಕೆ ಸ್ವಲ್ಪ ಹಿಂದೆ, ಗಂಧಮಾದನವನ್ನು ಏರುವುದಕ್ಕೆ ಮೊದಲು, ಧರ್ಮರಾಯನು ಮಾಡುವ ಆಲೋಚನೆಯೊಂದಿದೆ. ಕಥೆ ಹೇಳುವವರು ಅದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ದಾರಿ ದುರ್ಗಮ; ದ್ರೌಪದಿಯು ಬಳಲಿಯಾಳು; ಆದ್ದರಿಂದ ಭೀಮನು ಅವಳೊಡನೆ ಗಂಗಾದ್ವಾರದಲ್ಲಿ ನಿಲ್ಲಲಿ, ತಾನೂ ನಕುಲನೂ ಲೋಮಶರೂ ಹೋಗಿಬರುವೆವು ಎಂದು ಅವನ ಸಲಹೆ. ಆ ಸಲಹೆ ನಡೆಯಲಿಲ್ಲ. ಆಳುಕಾಳುಗಳನ್ನು ಮಾತ್ರ ಕುಣಿಂದರಾಜನಾದ ಸುಬಾಹುವಿನ ಬಳಿ ಬಿಟ್ಟು ಎಲ್ಲರೂ ಏರಿದರು, ನಡುದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ದ್ರೌಪದಿ ಕುಸಿದುಬಿದ್ದಳು, ಘಟೋತ್ಕಚನನ್ನು ನೆನೆಯಬೇಕಾಯಿತು. ನೆನೆದ ಮಾತ್ರಕ್ಕೆ ಘಟೋತ್ಕಚನು ಬಂದು ನಿಲ್ಲುವ ಭಾಗ್ಯ ಎಲ್ಲ ಸಂಸಾರಗಳಿಗೂ ಇಲ್ಲ. ಇಂದು ಆ ದಾರಿಯಲ್ಲಿ ಅವನ ಕೆಲಸವನ್ನು ಮಾಡುವವರು ಬೆನ್ನಿನ ಮೇಲೆ ಬೆತ್ತದ ಬುಟ್ಟಿಯನ್ನು ಕಟ್ಟಿಕೊಂಡು ಅದರಲ್ಲಿ ಮನುಷ್ಯರನ್ನು ಹೊರುವ ಕೂಲಿಗಳು. ಅವರಲ್ಲಿ ಅನೇಕರು ನೇಪಾಳದಿಂದ ಬಂದವರು. ಯಾತ್ರಿಕರು ಮರಳುವ ಹೊತ್ತನ್ನು ಮುಂದಕ್ಕೆ ತಳ್ಳುವಾಗ ಅವರ ಅಭಿಪ್ರಾಯವನ್ನು ಕೇಳಿದವರು ವಿರಳ. ಹೊತ್ತವನೂ ಕತ್ತಲಲ್ಲಿ ಇಳಿಯಬೇಕು, ಮಾರನೆಯ ಬೆಳಗ್ಗೆ ಮತ್ತೆ ಬೇರೊಬ್ಬರನ್ನು ಹೊರಬೇಕು ಎಂಬುದು ಬುಟ್ಟಿಯಲ್ಲಿ ಕುಳಿತವನ ಲೆಕ್ಕಕ್ಕೆ ಬರುವುದಿಲ್ಲ. ಅವನು ಬೆನ್ನುಹಾಕಿ ಕುಳಿತಿರುತ್ತಾನಾದ್ದರಿಂದ ಹೊರುವವನ ಮುಖವೂ ಅವನಿಗೆ ಕಾಣುವುದಿಲ್ಲ.

ಕೊಟ್ಟ ಹೊತ್ತಿಗೆ ಹಿಂದಿರುಗುವುದು ಹೇಡಿತನವೆಂಬ ಒಂದು ಅಭಿಪ್ರಾಯ ತರುಣರಲ್ಲಿ ಬೇರೂರಿದೆ. ಅದನ್ನು ಪರೀಕ್ಷಿಸುವುದಕ್ಕೆ ಹೇಮಕುಂಡಕ್ಕಿಂತ ಬಹಳ ದೊಡ್ಡದಾದ ಒಂದು ನಿದರ್ಶನವನ್ನು ನೋಡಬಹುದು. ೧೯೨೪ರ ಜೂನ್ ೪ನೆಯ ತಾರೀಖು ಎಡ್ವರ್ಡ್ ನಾರ್ಟನ್ ಮತ್ತು ಹೊವರ್ಡ್ ಸೊಮರ್ವೆಲ್ ಎಂಬ ಇಬ್ಬರು ಆಂಗ್ಲರು ಎವರೆಸ್ಟಿನ ಉತ್ತರದ ಪಾರ್ಶ್ವವನ್ನು ಹೊರಗಿನ ಪ್ರಾಣವಾಯುವಿನ ಸಹಾಯವಿಲ್ಲದೆ ಏರುತ್ತಿದ್ದರು. ಗಂಟಲು ಕೆಟ್ಟಿದ್ದ ಸೊಮರ್ವೆಲ್ ಮುಂದೆ ಹೋಗಲಾರದೆ ಕುಳಿತುಕೊಂಡ. ನಾರ್ಟನ್ ಒಬ್ಬನೇ ಇನ್ನೂ ಒಂದು ಗಂಟೆ ಹೆಣಗಿ ೨೮,೧೨೬ ಅಡಿಯವರೆಗೆ ಹೋದ. ಶಿಖರ ಇನ್ನು ಸಾವಿರ ಅಡಿಯೂ ಇರಲಿಲ್ಲ; ಅದುವರೆಗೆ ಅಷ್ಟೆತ್ತರಕ್ಕೆ ಏರಿದನೆಂದು ಗೊತ್ತಿದ್ದ ಮನುಷ್ಯನಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಸುಮಾರು. ಏರಿ ಕ್ಷೇಮವಾಗಿ ಇಳಿಯುವಷ್ಟು ಹಗಲು ಉಳಿದಿಲ್ಲವೆಂದು ಕಂಡು ಅವನು ಹಿಂದಿರುಗಿದ. ಇಳಿಯುವ ದಾರಿಯಲ್ಲಿ ಸೊಮರ್ವೆಲ್‌ನ ಗಂಟಲಿನ ಒಳಪೊರೆ ಕಳಚಿ ಉಸಿರಿಗೆ ಅಡ್ಡಬಂದು ಅವನು ಸಾಯುವ ಹಾಗಾಗಿ, ಎದೆಯನ್ನು ಒತ್ತಿಕೊಂಡು ಕೆಮ್ಮಿ ಅದನ್ನು ಹೊರಹಾಕಿ ಬದುಕಿದ. ಆ ರಾತ್ರಿ ಹಿಮದ ಹೊಳಪಿನಿಂದ ನಾರ್ಟನ್‌ಗೆ ಕಣ್ಣು ಕಾಣದಾಯಿತು. ಒಂದೆರಡು ಗಂಟೆ ತಡವಾಗಿದ್ದಲ್ಲಿ ಇವುಗಳ ಪರಿಣಾಮವೇನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಸೊಮರ್ವೆಲ್ ವೃತ್ತಿಯಿಂದ ಶಸ್ತ್ರವೈದ್ಯ. ಆಗಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ನೆಯ್ಯೂರಿನ ಆಸ್ಪತ್ರೆಯಲ್ಲಿ ಅನಂತರ ಬಹುಕಾಲ ಕೆಲಸ ಮಾಡಿದ. ಆ ಮಧ್ಯಾಹ್ನದ ಹಿಂದಿರುಗುವಿಕೆಗೆ ದಕ್ಷಿಣದೇಶದ ಎಷ್ಟು ರೋಗಿಗಳು ಋಣಿಗಳೋ ಲೆಕ್ಕವಿಟ್ಟವರಿಲ್ಲ.

ನಾಲ್ಕು ದಿನಗಳ ತರುವಾಯ, ಜೂನ್ ೮ರಂದು, ಅದೇ ತಂಡದ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಅರ್ವಿನ್ ಏರಿದರು. ಮಧ್ಯಾಹ್ನ ೧೨ ಗಂಟೆ ೫೦ ನಿಮಿಷಕ್ಕೆ ಮೋಡ ಸರಿದಾಗ, ಅವರು ಇನ್ನೂ ಮೇಲ್ಮುಖವಾಗಿ ಹೋಗುತ್ತಿದ್ದುದನ್ನು ನೋಯಲ್ ಓಡೆಲ್ ಕೆಳಗಿನಿಂದ ಕಂಡ. ಮೋಡ ಮತ್ತೆ ಮುಚ್ಚಿತು. ಮ್ಯಾಲರಿಯ ದೇಹ ಸಿಕ್ಕಿದ್ದು ೧೯೯೯ರಲ್ಲಿ. ನಾರ್ಟನ್ ಬೆನ್ನು ತಿರುಗಿಸಿದ ಹೊತ್ತೂ ಇವರು ಕೊನೆಯ ಸಲ ಕಾಣಿಸಿಕೊಂಡ ಹೊತ್ತೂ ಹತ್ತು ನಿಮಿಷದ ಅಂತರದವು. ಮ್ಯಾಲರಿಯನ್ನು ಮೂರ್ಖನೆನ್ನುವುದು ಅನ್ಯಾಯ. ಮಾನವಸಾಹಸದ ಚರಿತ್ರೆಯಲ್ಲಿ ಅವನ ಸ್ಥಾನ ನಾರ್ಟನ್‌ನದಕ್ಕಿಂತ ದೊಡ್ಡದಾಗಿಯೇ ಉಳಿದಿದೆ. ಯಾರೂ ಮುಟ್ಟದ ಶಿಖರಕ್ಕೆ ಹೋದವರು ಮರಳದಿರುವ ಸಂಭವವನ್ನು ತಿಳಿದೇ ಹೋದರೆಂದೂ ಹೇಳಬಹುದು. ಆದರೆ ಒಂದು ಹಗಲಿನ ಬುತ್ತಿ ಕಟ್ಟಿಕೊಂಡು, “ಸಂಜೆಗೆ ಬರುತ್ತೇವೆ” ಎಂದು ಹೇಳಿ ಹೊರಟವನು ಆ ಹಕ್ಕನ್ನು ಎರವಲು ತೆಗೆದುಕೊಳ್ಳಲಾರ. ಅವನ ಕರಾರು ಬೇರೆ. ನಾರ್ಟನ್‌ನನ್ನು ಹೇಡಿಯೆಂದು ಕರೆಯುವ ಧೈರ್ಯವೂ ಯಾರಿಗೂ ಇರಲಾರದು.

ಹಾಗಾದರೆ ಗೊತ್ತುಮಾಡಿದ ಹೊತ್ತನ್ನು ಬದಲಾಯಿಸುವುದಕ್ಕೆ ಅವಕಾಶವೇ ಇಲ್ಲವೆ? ಉಂಟು, ಆದರೆ ಒಂದೇ ದಿಕ್ಕಿನಲ್ಲಿ. ಮೋಡ ಬೇಗ ಕವಿದರೆ, ಜೊತೆಯವರಿಗೆ ತಲೆ ಸುತ್ತಿದರೆ, ಒಂದು ಗಂಟೆಯೆಂದದ್ದನ್ನು ಹನ್ನೊಂದಕ್ಕೆ ಇಳಿಸಬಹುದು, ಇಳಿಸಲೇಬೇಕು. ಎರಡಕ್ಕೆ ಏರಿಸಕೂಡದು. ಇಳಿಸುವುದಕ್ಕೆ ಮೇಲಿನವನ ಮಂಕುಬುದ್ಧಿಯೂ ಸಾಕು, ಅದು ತಪ್ಪಿದರೂ ನಷ್ಟವಾಗುವುದು ಒಂದು ನೋಟ ಮಾತ್ರ. ಏರಿಸುವುದಕ್ಕೆ ಬೇಕಾದ ನಿರ್ಮಲಬುದ್ಧಿ ಆ ಎತ್ತರದಲ್ಲಿ ದೊರೆಯುವುದಿಲ್ಲ. ಮಾತು ಕೊಡುವಾಗ ಸಾಕ್ಷಿಗಳಾಗಿದ್ದವರು, ಎಂದರೆ ಕೆಳಗೆ ಕಾದಿರುವವರು, ಹೊತ್ತಿಗೆ ಮುಂಚೆ ಬಂದವರನ್ನು ಕಂಡು ದೂರುವುದಿಲ್ಲ. ಈ ವಕ್ರತೆ ಕೆಲವರಿಗೆ ತರ್ಕವಿರುದ್ಧವಾಗಿ ತೋರಬಹುದು. ಸಾಲಗಾರನು ವಾಯಿದೆಗೆ ಮುಂಚೆ ತೀರಿಸಬಹುದು, ಮೀರಿದ ಮೇಲೆ ತೀರಿಸುವಂತಿಲ್ಲ ಎಂಬುದರಲ್ಲಿ ತರ್ಕವಿರುದ್ಧವಾದದ್ದೇನಿದೆ?

ಇನ್ನೂ ಬಿಡಿಸಬೇಕಾದ ಗಂಟು ಒಂದುಂಟು. ಹೀಗೊಂದು ಸಂಸಾರವನ್ನು ಭಾವಿಸಿಕೊಳ್ಳಬಹುದು: ಅರುವತ್ತು ದಾಟಿದ ತಂದೆ, ಮಗ, ಸೊಸೆ, ಹದಿನೈದು ವರ್ಷದ ಮೊಮ್ಮಗ. ಹನ್ನೆರಡೂವರೆ ಗಂಟೆಗೆ ಇವರು ಸರಸ್ಸಿಗೆ ಏರುವ ಕಡಿದಾದ ಮೆಟ್ಟಿಲುಗಳ ಬುಡದಲ್ಲಿದ್ದಾರೆ. ಮೆಟ್ಟಿಲುಗಳು ಸಾವಿರಕ್ಕೆ ಮೇಲ್ಪಟ್ಟಿವೆ. ಉಳಿದ ಮೂವರು ಅರ್ಧ ಗಂಟೆಯಲ್ಲಿ ಏರಬಲ್ಲರು; ತಂದೆಗೆ ಒಂದು ಗಂಟೆಗೂ ಮಿಕ್ಕಿ ಬೇಕು. ಗೊತ್ತುಮಾಡಿದ ಹೊತ್ತು ಒಂದು ಗಂಟೆ. ತಂದೆ ಬಂಡೆಯ ಮೇಲೆ ಕುಳಿತು, “ನೀವು ಹೋಗಿ ಬನ್ನಿರಪ್ಪ, ನಾನು ಇಲ್ಲೇ ಕುಳಿತಿರುತ್ತೇನೆ” ಎನ್ನುತ್ತಾನೆ. ಈ ಮಾತನ್ನು ಇದ್ದಂತೆಯೇ ತೆಗೆದುಕೊಳ್ಳಬಹುದೆ? ತನ್ನಿಂದ ಇತರರಿಗೆ ತಡವಾಯಿತಲ್ಲಾ ಎಂದು ನಾಚಿದವನು ಆಡುವ ಮಾತು ಅನುಮತಿಯಂತೆ ಕೇಳಿಸುತ್ತದೆ. ಅದು ಅನುಮತಿಯಲ್ಲ, ಸಂಕೋಚ. ಆ ಎತ್ತರದ ಚಳಿಯಲ್ಲಿ ಉಸಿರು ಕಟ್ಟುತ್ತಿರುವ ಮುದುಕನನ್ನು ಒಬ್ಬನೇ ಕೂರಿಸಿ ಹೋದ ಮೂವರಿಗೂ ಸರಸ್ಸಿನ ನೀರು ತಣ್ಣಗೆ ಮುಟ್ಟುವುದಿಲ್ಲ. ಆದರೆ ನಾಲ್ವರೂ ಹಿಂದಿರುಗಿದರೆ, ತನ್ನಿಂದಾಗಿ ಮೊಮ್ಮಗನಿಗೆ ತಪ್ಪಿತೆಂಬ ಕೊರಗು ಆ ಮುದುಕನನ್ನು ಊರಿನವರೆಗೂ ಹಿಂಬಾಲಿಸುತ್ತದೆ. ಎರಡೂ ಕಡೆ ಅನ್ಯಾಯವಿದೆ.

ಈ ಗಂಟನ್ನು ಅಲ್ಲಿ, ಆ ಬಂಡೆಯ ಬಳಿ, ಬಿಡಿಸಲು ಬರುವುದಿಲ್ಲ. ಬಿಡಿಸುವ ಸ್ಥಳ ಹಿಂದಿನ ಸಂಜೆಯ ಛತ್ರ. ಯಾರಾದರೂ ನಿಲ್ಲಬೇಕಾಗಿ ಬಂದರೆ ಅವರೊಡನೆ ಇಳಿಯುವವರು ಯಾರು ಎಂದು ಆಗಲೇ ಹೆಸರು ಹಿಡಿದು ಗೊತ್ತುಮಾಡಿದ್ದರೆ, ತಂದೆ ಬೇಡಿಕೊಳ್ಳಬೇಕಾಗಿಲ್ಲ, ಮಗ ತ್ಯಾಗ ಮಾಡಿದಂತೆ ಮುಖಮಾಡಬೇಕಾಗಿಲ್ಲ. ಗಂಗಾದ್ವಾರದಲ್ಲಿ ಧರ್ಮರಾಯ ಹೇಳಿದ್ದು ಇಂಥ ಮಾತನ್ನೇ. ಇದೇ ಧರ್ಮರಾಯನು ಜೀವಿತದ ಕೊನೆಯಲ್ಲಿ ಮತ್ತೆ ಹಿಮಾಲಯವನ್ನು ಏರುತ್ತಾನೆ. ಆಗ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರೂ ತಿರುಗಿ ನೋಡದೆ ನಡೆಯುತ್ತಾನೆ. ಅದು ಮಹಾಪ್ರಸ್ಥಾನ, ಮರಳುವ ಹೊತ್ತೇ ಇಲ್ಲದ ನಡಿಗೆ. ಅದರ ನಿಯಮ ಹಗಲಿನ ಯಾತ್ರೆಗೆ ಸಲ್ಲುವುದಿಲ್ಲ. ಅಲ್ಲಿಯೂ ಕೂಡ ಅವನು ಕೊನೆಯಲ್ಲಿ ಸ್ವರ್ಗದ ರಥವನ್ನು ಏರದೆ ನಿಂತದ್ದು, ಜೊತೆಯಲ್ಲಿ ನಡೆದು ಬಂದಿದ್ದ ಒಂದು ನಾಯಿಯನ್ನು ಬಿಡಲಾರದೆ.

ರಾತ್ರಿ ತಂಗಕೂಡದೆಂಬ ಕಟ್ಟಳೆಯ ಪ್ರಯೋಜನ ಮನುಷ್ಯರಿಗೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಪಕ್ಕದ ಹೂವಿನ ಕಣಿವೆಯಲ್ಲಿಯೂ ಹೀಗೆಯೇ. ೧೯೮೨ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಒಳಗೆ ಡೇರೆ ಹೂಡುವಂತಿಲ್ಲ, ಹಗಲು
ನೋಡಿ ಸಂಜೆಗೆ ಘಂಗರಿಯಾಕ್ಕೆ ಬರಬೇಕು. ೧೯೩೯ರಲ್ಲಿ ಗಿಡಗಳನ್ನು ಸಂಗ್ರಹಿಸಲು ಬಂದು ಬಂಡೆಯಿಂದ ಜಾರಿ ತೀರಿಕೊಂಡ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆಯ ಸಮಾಧಿ ಆ ಕಣಿವೆಯಲ್ಲಿದೆ. ಹೇಮಕುಂಡದ ದಡದ ಬ್ರಹ್ಮಕಮಲಗಳು ಶ್ರಾವಣ ಭಾದ್ರಪದಗಳಲ್ಲಿ ಅರಳುತ್ತವೆ. ಸಾವಿರಾರು ಕಾಲುಗಳು ಹಗಲೆಲ್ಲ ಸುಳಿದಾಡಿದ ದಡಕ್ಕೆ ಸಂಜೆಯಿಂದ ಬೆಳಗಿನವರೆಗಾದರೂ ತನ್ನ ಪಾಡಿಗೆ ತಾನಿರುವ ಅವಕಾಶ ಸಿಕ್ಕುತ್ತದೆ. ಅತಿಥಿ ಎಷ್ಟು ಪ್ರಿಯನಾದರೂ ಮನೆಯವರಿಗೆ ಕದ ಮುಚ್ಚಿ ಮಲಗುವ ಹೊತ್ತು ಬೇಕು.

ಆ ಸಂಸಾರದವರು ಹಿಂದಿನ ಸಂಜೆ ಗೊತ್ತುಮಾಡಿದ್ದರೆಂದೇ ಇಟ್ಟುಕೊಳ್ಳೋಣವಾಗಲಿ. ಸೊಸೆಯೂ ಮೊಮ್ಮಗನೂ ಮೆಟ್ಟಿಲನ್ನೇರುತ್ತಾರೆ. ಒಂದು ಗಂಟೆಗೆ ನೀರನ್ನು ಮುಟ್ಟಿ, ತಡಮಾಡದೆ ಇಳಿದು ಬರತಕ್ಕದ್ದೆಂದು ಮಾತು. ಮಗನು ತಂದೆಯ ತೋಳನ್ನು ಹಿಡಿದು ಇಳಿಯತೊಡಗುತ್ತಾನೆ. ನೂರು ಮಾರು ಇಳಿದಿರುವುದರಲ್ಲಿ ತಂದೆಯ ಉಸಿರು ಸ್ವಲ್ಪ ಹದಕ್ಕೆ ಬರುತ್ತದೆ. ಕೆನ್ನೆಗೆ ಬಣ್ಣ ಮರಳುತ್ತದೆ. ಇನ್ನು ಏರಬಹುದಾಗಿತ್ತೇನೋ ಎಂದು ಅವನಿಗೆ ತೋರುವುದು ಆಗಲೇ. ಅವನು ಮಗನ ಮುಖವನ್ನು ನೋಡುತ್ತಾನೆ, ಏನೂ ಹೇಳುವುದಿಲ್ಲ. ಎದುರಿನಿಂದ ತಡವಾಗಿ ಏರಿಬರುತ್ತಿರುವ ಪಂಜಾಬಿನ ಕಡೆಯ ಯಾತ್ರಿಕರ ಗುಂಪೊಂದು, ಇಳಿದು ಬರುವವರನ್ನೆಲ್ಲ ಕೇಳುವಂತೆ, ಸರಸ್ಸು ಇನ್ನು ಎಷ್ಟು ದೂರವೆಂದು ಅವನನ್ನು ಕೇಳುತ್ತದೆ. ಅವನು ನಿಂತು, ತನಗೆ ಬರುವ ಹರಕು ಹಿಂದಿಯಲ್ಲಿ, ಮೆಟ್ಟಿಲಿನ ಬುಡದವರೆಗೆ ಕಾಲು ಗಂಟೆಯೆಂದೂ, ಅಲ್ಲಿಂದ ಮುಂದೆ ತಾನು ನೋಡಿಲ್ಲವೆಂದೂ ಹೇಳುತ್ತಾನೆ.